ನೊಣದ ಸ್ವರ

“ಅದನ್ನ ಬರೆದದ್ದು ನಿಮ್ಮಣ್ಣನೂ ಅಲ್ಲ, ಆ ಗಡ್ಡದವನೂ ಅಲ್ಲ ತಾಯಿ. ನೊಣ! ನೊಣ ಬರೆದದ್ದು!”

ಕ್ಲಾರಿನೆಟ್ ತಾತ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಕೈಲಿದ್ದ ಪುಟಾಣಿ ತಿರುಪುಳಿ ಜಾರಿ ಮೇಜಿನಡಿ ಸೇರಿತು. ಎದುರಿನ ಸ್ಟೂಲಿನ ಮೇಲೆ ಕುಳಿತಿದ್ದ ಭೂತಗನ್ನಡಿಗೆ ನಗು ಬರಲಿಲ್ಲ. ಅಣ್ಣನ ಮಾನ ಉಳಿಯುತ್ತದೋ ಹೋಗುತ್ತದೋ ಎಂದು ತೀರ್ಮಾನವಾಗುವುದಕ್ಕೆ ಇನ್ನು ಐದೇ ಗಂಟೆ ಬಾಕಿಯಿತ್ತು.

ಭೂತಗನ್ನಡಿ ಎಂಬುದು ಅಣ್ಣನ ಶಿಷ್ಯರು ಅವಳಿಗೆ ಇಟ್ಟ ಹೆಸರು. ಇಟ್ಟವರಿಗೆ ಒಳ್ಳೆಯದಾಗಲಿ, ಸರಿಯಾಗಿಯೇ ಇಟ್ಟಿದ್ದರು. ಮೂವತ್ತು ವರ್ಷ ಸರ್ಕಾರಿ ಪ್ರಯೋಗಾಲಯದ ಕಿಟಕಿಯ ಪಕ್ಕ ಕುಳಿತು ಸುಳ್ಳು ಸಹಿ, ಕಳ್ಳ ಉಯಿಲು, ತಿದ್ದಿದ ಅಂಕಪಟ್ಟಿಗಳನ್ನು ಗಾಜಿನ ಕೆಳಗಿಟ್ಟು ನೋಡಿದ ಹೆಂಗಸು ಅವಳು. ನ್ಯಾಯಾಲಯದಲ್ಲಿ ಅವಳು ‘ಇದು ಇವನ ಕೈ’ ಎಂದರೆ ವಕೀಲರೂ ತೆಪ್ಪಗಾಗುತ್ತಿದ್ದರು. ಆದರೆ ಸಂಗೀತ? ಅದರ ಗಂಧಗಾಳಿ ಇಲ್ಲ. ಅಣ್ಣನ ಹನ್ನೊಂದು ದೊಡ್ಡ ಕೃತಿಗಳಿಗೂ ಮುಂದಿನ ಸಾಲಿನಲ್ಲೇ ಕುಳಿತು ಚಪ್ಪಾಳೆ ತಟ್ಟಿದ್ದಾಳೆ. ಹನ್ನೊಂದರಲ್ಲೂ ತಪ್ಪು ಜಾಗದಲ್ಲಿ.

ಆರು ವಾರದ ಹಿಂದೆ ಅಣ್ಣನ ಹಳೆಯ ಶಿಷ್ಯನೊಬ್ಬ ಕಾಲೇಜಿನ ಸಮಿತಿಯ ಮುಂದೆ ಒಂದು ಹಳೆಯ ಸ್ವರಪುಸ್ತಕ ತಂದಿಟ್ಟು, ‘ಏಳು ಕಿಟಕಿ’ಯ ಮೂರನೆಯ ಭಾಗ ನನ್ನದು, ಮೇಷ್ಟ್ರು ಅದನ್ನು ತಮ್ಮದು ಅಂತ ಹೇಳಿಕೊಂಡಿದ್ದಾರೆ ಎಂದಿದ್ದ. ಏಳು ಕಿಟಕಿ ಎಂದರೆ ಅಣ್ಣನಿಗೆ ಹೆಸರು ತಂದುಕೊಟ್ಟ ಕೃತಿ. ಶನಿವಾರ ಅವನ ನಿವೃತ್ತಿಯ ದಿನ ಅದನ್ನೇ ಇಡೀ ವಾದ್ಯವೃಂದ ನುಡಿಸಬೇಕು, ಹೊಸ ಸಭಾಂಗಣಕ್ಕೆ ಅವನ ಹೆಸರಿಡಬೇಕು ಎಂದೆಲ್ಲ ಗೊತ್ತಾಗಿತ್ತು. ಈಗ ಎಲ್ಲವೂ ಇವತ್ತು ಸಂಜೆ ನಾಲ್ಕರ ತೀರ್ಮಾನದ ಮೇಲೆ ನಿಂತಿತ್ತು.

ಇನ್ನೂ ತಮಾಷೆಯೆಂದರೆ, ಪುಸ್ತಕವನ್ನು ಪರೀಕ್ಷಿಸಲು ಭೂತಗನ್ನಡಿಯೇ ಆಗಬೇಕು ಎಂದವನು ಆ ಶಿಷ್ಯನೇ. “ಅಕ್ಕ ಮೇಷ್ಟ್ರ ತಂಗಿ ಅನ್ನೋದು ಗೊತ್ತು. ಆದ್ರೆ ಅಕ್ಕ ಸುಳ್ಳು ಹೇಳಲ್ಲ ಅನ್ನೋದೂ ಗೊತ್ತು,” ಎಂದಿದ್ದನಂತೆ.

ಸುಳ್ಳು ಹೇಳಲು ದಾರಿಯೂ ಇರಲಿಲ್ಲ. ಮೂರು ದಿನ ಗಾಜು ಹಿಡಿದು ನೋಡಿದ್ದಳು. ಕಾಗದ ನಿಜವಾಗಿಯೂ ಹಳೆಯದು, ಇಪ್ಪತ್ತಾರು ವರ್ಷದ ಹಿಂದೆ ಕಾಲೇಜಿನ ಅಂಗಡಿಯಲ್ಲಿ ಮಾರುತ್ತಿದ್ದ ಪುಸ್ತಕವೇ. ಬರೆದದ್ದು ಪೆನ್ಸಿಲಿನಲ್ಲಿ, ಪೆನ್ಸಿಲಿಗೆ ವಯಸ್ಸು ಹೇಳುವ ವಿದ್ಯೆ ಇನ್ನೂ ಹುಟ್ಟಿಲ್ಲ. ಸ್ವರಗಳ ತಲೆ, ಕಡ್ಡಿ, ಬಾಲ ಎಲ್ಲವೂ ಆ ಶಿಷ್ಯನ ಹಳೆಯ ಉತ್ತರಪತ್ರಿಕೆಗಳಿಗೆ ಹೊಂದುತ್ತಿದ್ದವು. ಎಲ್ಲ ಪರೀಕ್ಷೆಯೂ ಅಣ್ಣನ ವಿರುದ್ಧವೇ ಹೋಗಿತ್ತು.

ಕೊನೆಗೆ ದಿಕ್ಕು ತೋಚದೆ ಅವಳು ಇಲ್ಲಿಗೆ ಬಂದಿದ್ದಳು. ಏಳು ಕಿಟಕಿಯನ್ನು ಮೊಟ್ಟಮೊದಲು ನುಡಿಸಿದವರಲ್ಲಿ ಇನ್ನೂ ಊರಲ್ಲೇ ಇರುವವರು ಈ ತಾತ ಒಬ್ಬರೇ. ಈಗ ಊದುವುದನ್ನು ಬಿಟ್ಟು, ಊದುವ ವಾದ್ಯಗಳನ್ನು ರಿಪೇರಿ ಮಾಡುವ ಅಂಗಡಿ ಇಟ್ಟುಕೊಂಡಿದ್ದರು.

“ನಗು ಮುಗಿದಿದ್ರೆ ಸ್ವಲ್ಪ ಬಿಡಿಸಿ ಹೇಳ್ತೀರಾ?” ಎಂದಳು ಭೂತಗನ್ನಡಿ.

ತಾತ ಕಣ್ಣೊರೆಸಿಕೊಂಡು ಅವಳು ತಂದಿದ್ದ, ಶಿಷ್ಯನ ಸ್ವರಪುಸ್ತಕದ ನಕಲು ಪ್ರತಿಯ ಹದಿನಾಲ್ಕನೆಯ ಪುಟವನ್ನು ದೀಪದ ಹತ್ತಿರ ಎಳೆದುಕೊಂಡರು. ಕೆಳಗಿನ ಸಾಲಿನ ಕೊನೆಯಲ್ಲಿ, ಮಿಕ್ಕ ಸ್ವರಗಳೆಲ್ಲ ಮುಗಿದು ಖಾಲಿ ಜಾಗ ಬಂದ ಮೇಲೆ, ಒಂದು ಪುಟ್ಟ ಸ್ವರ ಒಂಟಿಯಾಗಿ ನಿಂತಿತ್ತು. ಅದರ ಮೇಲೆ ಬೆರಳಿಟ್ಟರು.

“ಇದೇ ನೋಡಿ. ಮೊದಲ ಅಭ್ಯಾಸ ನಡೀತಿತ್ತು. ಹಳೇ ಸಭಾಂಗಣ, ಕಿಟಕಿಗಳೆಲ್ಲ ತೆರೆದಿದ್ವು, ಬೇಸಿಗೆ. ನನ್ನ ಹಾಳೆ ತಿರುವಿ ಹಾಕ್ದೆ. ಮಧ್ಯ ಒಂದು ನೊಣ ಸಿಕ್ಕಿ ಅಪ್ಪಚ್ಚಿ ಆಗಿದೆ, ನನಗೇನು ಗೊತ್ತು? ನನ್ನ ಕಣ್ಣೂ ಅಷ್ಟರಲ್ಲೇ ಇತ್ತು. ಐದು ಗೆರೆ ಮಧ್ಯೆ ಕಪ್ಪಗೆ ಒಂದು ಚುಕ್ಕೆ ಕಾಣಿಸ್ತು, ಊದಿಬಿಟ್ಟೆ.”

“ಆಮೇಲೆ?”

“ನಿಮ್ಮಣ್ಣ ತಾಳದ ಕೋಲು ಎತ್ತಿದವರು ಹಾಗೇ ನಿಂತ್ರು. ಬೈತಾರೆ ಅಂದ್ಕೊಂಡೆ. ‘ಇನ್ನೊಂದ್ಸಲ ಊದಿ’ ಅಂದ್ರು. ಊದಿದೆ. ‘ನಾನು ಇದನ್ನ ಬರೆದಿಲ್ವಲ್ಲ’ ಅಂತ ಹತ್ತಿರ ಬಂದು ನೋಡಿದ್ರೆ, ಪಾಪ, ಅದರ ಒಂದು ಕಾಲು ಇನ್ನೂ ಅಲ್ಲಾಡ್ತಿದೆ! ನಕ್ಕೂ ನಕ್ಕೂ ಸಾಕಾಯ್ತು. ‘ಇರ್ಲಿ ಬಿಡಿ, ನನಗಿಂತ ಚೆನ್ನಾಗಿ ಬರೆದಿದೆ’ ಅಂತ ತಮ್ಮ ಪ್ರತಿಯಲ್ಲೂ ಸೇರಿಸ್ಕೊಂಡ್ರು. ಯಾರಿಗೂ ಹೇಳಬೇಡಿ ಅಂದ್ರು, ನಾನೂ ಹೇಳ್ಲಿಲ್ಲ. ಆಮೇಲೆ ಪತ್ರಿಕೆಯಲ್ಲಿ ಒಬ್ಬ ಮಹಾಶಯ, ಆ ಒಂದು ಸ್ವರದಲ್ಲಿ ಇಡೀ ಮನುಕುಲದ ಒಂಟಿತನ ಇದೆ ಅಂತ ಅರ್ಧ ಪುಟ ಬರೆದಿದ್ದ. ನಾವಿಬ್ರೂ ಓದಿ ಬಿದ್ದು ಬಿದ್ದು ನಕ್ವಿ.”

ಈಗ ಭೂತಗನ್ನಡಿಯ ಬೆನ್ನು ನೆಟ್ಟಗಾಯಿತು. ಎಲ್ಲಿ ಏನು ಸಿಕ್ಕಿತು ಎಂದು ಬುದ್ಧಿಗೆ ಹೊಳೆಯುವ ಮೊದಲೇ ಅವಳ ಬೆನ್ನಿಗೆ ಹೊಳೆಯುವುದು ಹಳೆಯ ಅಭ್ಯಾಸ.

“ಈ ಅಭ್ಯಾಸ ನಡೆದದ್ದು ಯಾವಾಗ?”

“ಇಪ್ಪತ್ನಾಲ್ಕು ವರ್ಷ ಆಯ್ತಲ್ಲ.”

“ಪುಸ್ತಕದ ಮೇಲಿರೋ ತಾರೀಕು ಇಪ್ಪತ್ತಾರು ವರ್ಷದ ಹಿಂದಿನದು.”

ತಾತನ ಬಾಯಿ ತೆರೆದೇ ಉಳಿಯಿತು. ಅವರಿಗೆ ಅಲ್ಲಿಯವರೆಗೂ ಅದು ನೊಣದ ಕಥೆಯಾಗಿತ್ತು ಅಷ್ಟೆ. “ಅಂದ್ರೆ ನೊಣ ಸಾಯೋದಕ್ಕೆ ಎರಡು ವರ್ಷ ಮುಂಚೆನೇ ಅವನು ಅದನ್ನ ಬರೆದುಬಿಟ್ಟಿದ್ದಾನೆ ಅಂತಾಯ್ತು!”

“ಹುಡುಗನಿಗೆ ತಾನಾಗೇ ಹೊಳೆದಿರಬಹುದು ಅಂತ ವಾದ ಮಾಡಿದ್ರೆ?”

“ಸಾಧ್ಯವೇ ಇಲ್ಲ ತಾಯಿ. ಆ ಸ್ವರ ಅಲ್ಲಿ ಬರೋ ಹಾಗೇ ಇಲ್ಲ. ನಿಮ್ಮಣ್ಣನ ಹತ್ತಿರ ಕಲಿತ ಯಾವ ಹುಡುಗ ಅಲ್ಲಿ ಅದನ್ನ ಬರೆದಿದ್ರೂ ಹಸಿರು ಶಾಯಿಯಲ್ಲಿ ಅಡ್ಡ ಗೀಟು ಎಳೆಸ್ಕೋತಿದ್ದ. ಅದೂ ಅಲ್ದೆ ಈ ಕಡ್ಡಿ ನೋಡಿ. ಮೇಲಕ್ಕೆ ಹೋಗೋ ಕಡ್ಡಿಯನ್ನ ಸ್ವರದ ಬಲಗಡೆ ಬರೀತಾರೆ, ಮೊದಲ ದಿನದ ಪಾಠ. ಇಲ್ಲಿ ಎಡಗಡೆ ಇದೆ. ಯಾಕಂದ್ರೆ ನೊಣದ ಕಾಲು ಆ ಕಡೆಗಿತ್ತು! ನಿಮ್ಮಣ್ಣ ತಮಾಷೆಗೆ ಅದನ್ನೂ ಹಾಗೇ ಉಳಿಸ್ಕೊಂಡ್ರು.”

ತಾತ ಕುರ್ಚಿಯ ಮೇಲೆ ಹತ್ತಿ, ಅಟ್ಟದಿಂದ ಧೂಳು ಹಿಡಿದ ರಟ್ಟಿನ ಪೆಟ್ಟಿಗೆ ಇಳಿಸಿದರು. ಒಳಗೆ ಅವರ ಹಳೆಯ ಹಾಳೆಗಳಿದ್ದವು. ಮೂರನೆಯ ಭಾಗದ ಹಾಳೆಯ ಮೂಲೆಯಲ್ಲಿ ವಾದ್ಯವೃಂದದ ಮೊಹರು, ಅದರಲ್ಲಿ ತಾರೀಕು. ಕೊನೆಯ ಸಾಲಿನಲ್ಲಿ ಒಂದು ಕಂದು ಕಲೆ, ಎಡಗಡೆಗೆ ಕೂದಲಿನಂಥ ಒಂದು ಗೆರೆ. ಭೂತಗನ್ನಡಿ ಗಾಜು ತೆಗೆದು ನೋಡಿದಳು. ರೆಕ್ಕೆಯ ಒಂದು ಚೂರು ಇನ್ನೂ ಕಾಗದಕ್ಕೆ ಅಂಟಿಕೊಂಡಿತ್ತು.

“ಇದನ್ನ ತಗೊಂಡು ಹೋಗ್ಲಾ?”

“ತಗೊಂಡು ಹೋಗಿ. ಜೋಪಾನ, ಕೆಮ್ಮಿಬಿಟ್ಟೀರಿ, ಸಾಕ್ಷಿ ಹಾರಿ ಹೋಗುತ್ತೆ.”

ಅಂಗಡಿಯಿಂದ ಹೊರಗೆ ಬಂದಾಗ ಭೂತಗನ್ನಡಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಐವತ್ತೊಂಬತ್ತು ವರ್ಷದ ಮಂಡಿಗಳು ನೋವನ್ನೇ ಮರೆತಿದ್ದವು. ದಾರಿಯಲ್ಲಿ ರೈಲು ನಿಲ್ದಾಣದೊಳಗಿಂದ ‘ಟಿಂಗ್ ಟಿಂಗ್ ಟಾಂಗ್’ ಎಂದು ಸೂಚನೆಯ ಗಂಟೆ ಕೇಳಿಸಿತು. ಅದೂ ಅಣ್ಣನದೇ. ಹೊಸದಾಗಿ ಪಾಠ ಹೇಳಲು ಸೇರಿದ್ದಾಗ ಒಂದು ಮಧ್ಯಾಹ್ನ ಕುಳಿತು ಮಾಡಿಕೊಟ್ಟದ್ದು. ‘ನನ್ನ ಹನ್ನೊಂದು ಕೃತಿಗಳನ್ನು ಕೇಳಿದವರಿಗಿಂತ ಇದನ್ನು ಕೇಳಿ ರೈಲು ತಪ್ಪಿಸಿಕೊಂಡವರೇ ಜಾಸ್ತಿ’ ಎಂದು ಅವನೇ ನಗುತ್ತಿದ್ದ. ಇವತ್ತು ಅವಳಿಗೆ ಆ ಮೂರು ಸ್ವರ ಕೂಡ ಬಹಳ ಚೆನ್ನಾಗಿ ಕೇಳಿಸಿತು.

ಕಾಲೇಜಿನ ಎರಡನೆಯ ಮಹಡಿಯಲ್ಲಿ ಅಣ್ಣನ ಕೋಣೆ ಅರ್ಧ ಖಾಲಿಯಾಗಿತ್ತು. ಅವನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಕಪಾಟಿನಿಂದ ಇಳಿಸಿದ ಪುಸ್ತಕಗಳನ್ನು ಎರಡು ರಾಶಿ ಮಾಡುತ್ತಿದ್ದ. ಅತ್ತಿಗೆ ಪಿಯಾನೋದ ಮುಚ್ಚಳದ ಮೇಲೆ ಊಟದ ಡಬ್ಬಿ ಬಿಚ್ಚುತ್ತಿದ್ದಳು. ಬೇರೆ ಯಾರೇ ಅಲ್ಲಿ ಡಬ್ಬಿ ಇಟ್ಟಿದ್ದರೂ ಅಣ್ಣ ಅವರನ್ನು ಕಿಟಕಿಯಿಂದಲೇ ಆಚೆಗೆ ಹಾಕುತ್ತಿದ್ದ.

“ಬಾ ಬಾ, ಸರಿಯಾದ ಹೊತ್ತಿಗೆ ಬಂದೆ,” ಎಂದ ಅಣ್ಣ. “ನೋಡು, ಈ ರಾಶಿ ಮನೆಗೆ, ಆ ರಾಶಿ ಗ್ರಂಥಾಲಯಕ್ಕೆ. ಮನೆಗೆ ಹೋಗೋ ರಾಶಿಯಿಂದ ನಿಮ್ಮತ್ತಿಗೆ ಗುಟ್ಟಾಗಿ ಆ ಕಡೆಗೆ ಸಾಗಿಸ್ತಿದ್ದಾಳೆ.”

“ಗುಟ್ಟಾಗೇನು, ಎದುರಿಗೇ ಸಾಗಿಸ್ತೀನಿ. ಮನೇಲಿ ನಾವು ಮಲಗೋದೆಲ್ಲಿ?” ಎಂದಳು ಅತ್ತಿಗೆ.

ಭೂತಗನ್ನಡಿ ಅವನನ್ನೇ ನೋಡಿದಳು. ಇಂಥ ಆರೋಪ ಹೊತ್ತ ಮನುಷ್ಯ ಸೊರಗಬೇಕು. ಇವನು ಕೆನ್ನೆ ತುಂಬಿಕೊಂಡು ಕುಳಿತಿದ್ದ. ಮೂವತ್ತೊಂದು ವರ್ಷದಲ್ಲಿ ಎಷ್ಟು ಹುಡುಗರನ್ನು ಈ ಕೋಣೆಯಲ್ಲಿ ಕೂರಿಸಿ, ಅವರ ಪುಟಗಳ ಮೇಲೆ ಹಸಿರು ಶಾಯಿ ಸುರಿದಿದ್ದ! ಅವರಲ್ಲಿ ಮೂವರು ಈಗ ವಾದ್ಯವೃಂದ ನಡೆಸುತ್ತಾರೆ, ಒಬ್ಬಳು ಚಿತ್ರಗಳಿಗೆ ಸಂಗೀತ ಮಾಡುತ್ತಾಳೆ, ಒಬ್ಬ ಬೇಕರಿ ಇಟ್ಟುಕೊಂಡು ಪ್ರತಿ ವಾರ ಮೇಷ್ಟ್ರಿಗೆ ಬಿಸ್ಕತ್ತು ಕಳಿಸುತ್ತಾನೆ. ಬೇಕರಿಯವನನ್ನೂ ಅಣ್ಣ ತನ್ನ ಒಳ್ಳೆಯ ಶಿಷ್ಯರ ಪಟ್ಟಿಯಲ್ಲೇ ಸೇರಿಸಿದ್ದ.

“ಇವರಿಗೆ ಚಿಂತೆ ಅನ್ನೋದೇ ಇಲ್ಲ ನೋಡು,” ಎಂದಳು ಅತ್ತಿಗೆ. “ಈ ಆರು ವಾರದಿಂದ ಏನು ನಿದ್ದೆ, ಏನು ಗೊರಕೆ! ಮದುವೆಯಾದಾಗಿನಿಂದ ಇಷ್ಟು ಚೆನ್ನಾಗಿ ಮಲಗಿದ್ದು ನಾನು ನೋಡಿಲ್ಲ. ನನಗೇ ನಿದ್ದೆ ಬರಲ್ಲ, ಅದು ಬೇರೆ ಮಾತು.”

“ಇನ್ನು ಮೇಲೆ ನಿನಗೂ ಬರುತ್ತೆ ಅತ್ತಿಗೆ,” ಎಂದು ಭೂತಗನ್ನಡಿ ಚೀಲ ತಟ್ಟಿದಳು. “ಅಣ್ಣಾ, ನೊಣದ ವಿಷಯ ನನಗ್ಯಾಕೆ ಹೇಳ್ಲಿಲ್ಲ ನೀನು?”

ಅಣ್ಣನ ಕೈಯಲ್ಲಿದ್ದ ಪುಸ್ತಕ ಅಲ್ಲೇ ನಿಂತಿತು. “ಯಾವ ನೊಣ?”

“ಏಳು ಕಿಟಕಿಯ ನೊಣ. ಹದಿನಾಲ್ಕನೇ ಪುಟದಲ್ಲಿ ಅದು ಕೂತಿದೆ. ಕಾಲು ಎಡಗಡೆಗೇ ಇದೆ!”

ಅವನು ಒಂದು ಕ್ಷಣ ಅವಳನ್ನು ಪಿಳಿಪಿಳಿ ನೋಡಿದ. ಆಮೇಲೆ ಹಣೆ ಚಚ್ಚಿಕೊಂಡ. “ಅಯ್ಯೋ ನನ್ನ ಕರ್ಮವೇ! ನೊಣ!” ಎಂದು ನಗತೊಡಗಿದವನು ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಭೂತಗನ್ನಡಿಯೂ ನಕ್ಕಳು. ಗಂಡ ಉಳಿದುಕೊಂಡ ಎಂದು ಅತ್ತಿಗೆಗೆ ಅರ್ಥವಾಗಿ, ಏನು ಎತ್ತ ಎಂದು ಕೇಳದೆಯೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಕೋಣೆಯಲ್ಲಿ ಅಷ್ಟು ಸಂತೋಷ ತುಂಬಿ ಎಷ್ಟೋ ದಿನವಾಗಿತ್ತು.

ನಗು ಮುಗಿದ ಮೇಲೆ ಅಣ್ಣ ಮೆಲ್ಲಗೆ ಹೇಳಿದ. “ಅದನ್ನ ಸಮಿತಿಗೆ ತೋರಿಸಬೇಡ.”

“ಏನಂದೆ?”

“ತೋರಿಸಬೇಡ ಕಣೆ. ಅವನೂ ನನ್ನ ಹುಡುಗನೇ ಅಲ್ವಾ? ಶನಿವಾರ ಚೆನ್ನಾಗಿ ನುಡಿಸಿದ್ರೆ ಸಾಕು. ಯಾರ ಹೆಸರಲ್ಲಿ ನುಡಿಸಿದ್ರೆ ಏನು?”

“ಏನಾ? ನಿನ್ನ ಹುಡುಗ ನಿನ್ನ ಮುಖಕ್ಕೆ ಮಸಿ ಬಳೀತಿದ್ದಾನೆ, ನೀನು ಕೆನ್ನೆ ಒಡ್ಡಿಕೊಂಡು ಕೂತಿದ್ದೀಯಲ್ಲ! ನಿನಗೆ ಬೇಡದಿದ್ರೆ ಬೇಡ. ನನಗೆ ಬೇಕು ನಿನ್ನ ಹೆಸರು. ನನ್ನ ಮದುವೆ ಮುರಿದಾಗ, ಬಾಡಿಗೆ ಮನೆ ಹುಡುಕಿಕೊಂಡು ಅಲೆದಾಗ, ‘ಇವಳು ಇಂಥವರ ತಂಗಿ’ ಅಂತ ಜನ ಬಾಗಿಲು ತೆಗೆದ್ರಲ್ಲ, ಆ ಹೆಸರು ನನಗೆ ಬೇಕು.”

ಅಣ್ಣ ಕೈಲಿದ್ದ ಪುಸ್ತಕವನ್ನು ಗ್ರಂಥಾಲಯದ ರಾಶಿಗೆ ಹಾಕಿದ. ಅವಳು ಬಾಗಿಲ ಹತ್ತಿರ ಹೋದಾಗ, “ಅವನ ಹತ್ತಿರ ಜಗಳ ಆಡಬೇಡ, ಊಟ ಮಾಡಿ ಹೋಗು,” ಎಂದ ಅಷ್ಟೆ. ಅವಳು ಎರಡನ್ನೂ ಕೇಳಿಸಿಕೊಳ್ಳಲಿಲ್ಲ.

ಗಡ್ಡದ ಶಿಷ್ಯ ಗ್ರಂಥಾಲಯದ ಪಕ್ಕದ ಸಣ್ಣ ಕೋಣೆಯಲ್ಲಿ ಕಾಯುತ್ತಿದ್ದ. ಅವನು ಈಗ ಇನ್ನೊಂದು ಕಾಲೇಜಿನಲ್ಲಿ ಸಂಗೀತ ವಿಭಾಗದ ಮುಖ್ಯಸ್ಥ. ನಲವತ್ತೆಂಟು ವರ್ಷ, ನರೆತ ಗಡ್ಡ, ಇಸ್ತ್ರಿ ಮಾಡಿದ ಅಂಗಿ. ಅವಳನ್ನು ಕಂಡ ಕೂಡಲೇ ಎದ್ದು ಕುರ್ಚಿ ಎಳೆದುಕೊಟ್ಟ. ವಿದ್ಯಾರ್ಥಿಯಾಗಿದ್ದಾಗ ಐದು ವರ್ಷ ಅಣ್ಣನ ಮನೆಯಲ್ಲಿ ಉಂಡವನು, ಅವಳನ್ನು ಅಕ್ಕಾ ಎಂದು ಕರೆಯುವ ಅಭ್ಯಾಸ ಬಿಟ್ಟಿರಲಿಲ್ಲ.

“ಊಟ ಆಯ್ತಾ ಅಕ್ಕಾ?”

“ನನ್ನ ಊಟದ ವಿಷಯ ಇರ್ಲಿ. ಈ ಪುಸ್ತಕವನ್ನ ಯಾವಾಗ ಬರೆದೆ?”

“ಹೇಳಿದ್ದೀನಲ್ಲ. ಕೊನೇ ವರ್ಷದಲ್ಲಿ. ಮೇಲೆ ತಾರೀಕಿದೆ.”

“ಇದನ್ನೂ ನೀನೇ ಬರೆದೆಯಾ?” ಅವಳು ನಕಲು ಪ್ರತಿ ಬಿಡಿಸಿ ಹದಿನಾಲ್ಕನೆಯ ಪುಟದ ಮೂಲೆಯ ಮೇಲೆ ಉಗುರಿಟ್ಟಳು.

“ಎಲ್ಲಾ ನನ್ನ ಕೈಯೇ ಅಕ್ಕಾ. ನೀವೇ ನೋಡಿದ್ದೀರಿ.”

ಭೂತಗನ್ನಡಿ ಚೀಲದಿಂದ ತಾತನ ಹಾಳೆಯನ್ನು ತೆಗೆದು ಅದರ ಪಕ್ಕ ಇಟ್ಟಳು. ಗಾಜನ್ನು ಅವನ ಕೈಗೆ ಕೊಟ್ಟಳು. ಅವನು ಬಾಗಿ ನೋಡಿದ. ಮೊಹರನ್ನು ನೋಡಿದ, ಕಲೆಯನ್ನು ನೋಡಿದ, ಮತ್ತೆ ಪುಸ್ತಕದ ನಕಲನ್ನು ನೋಡಿದ.

“ಇದೇನಿದು?”

“ನೊಣ. ಇಪ್ಪತ್ನಾಲ್ಕು ವರ್ಷದ ಹಿಂದೆ ಮೊದಲ ಅಭ್ಯಾಸದ ದಿನ ಸತ್ತದ್ದು. ಅವತ್ತಿನವರೆಗೂ ಭೂಮಿ ಮೇಲೆ ಆ ಸ್ವರವೇ ಇರ್ಲಿಲ್ಲ. ಅದಕ್ಕೂ ಎರಡು ವರ್ಷ ಮುಂಚೆ, ಅದರ ಸೊಟ್ಟ ಕಾಲಿನ ಸಮೇತ, ನಿನ್ನ ಪುಸ್ತಕಕ್ಕೆ ಹೇಗೆ ಬಂತು? ಹೇಳು. ಈಗ್ಲೇ ಬಾಯಿ ಬಿಟ್ರೆ ಮರ್ಯಾದೆಯಾಗಿ ಮುಗಿಸೋಣ.”

ಕಳ್ಳ ಸಿಕ್ಕಿಬಿದ್ದಾಗ ಹೇಗಿರುತ್ತಾನೆ ಎಂದು ಅವಳಿಗೆ ಚೆನ್ನಾಗಿ ಗೊತ್ತು. ಕೆಲವರು ಕೂಗಾಡುತ್ತಾರೆ, ಕೆಲವರು ನೀರು ಕೇಳುತ್ತಾರೆ. ಇವನು ಎರಡೂ ಮಾಡಲಿಲ್ಲ. ಗಾಜನ್ನು ಕೈಲಿ ಹಿಡಿದುಕೊಂಡೇ ಕುರ್ಚಿಯಲ್ಲಿ ಕುಸಿದ.

“ಹಾಗಾದ್ರೆ ಇದು ನಾನು ಬರೆದದ್ದಲ್ಲ,” ಎಂದ. ಆ ಮಾತನ್ನು ಅವಳಿಗಲ್ಲ, ತನಗೇ ಹೇಳಿಕೊಂಡ ಹಾಗಿತ್ತು.

“ನಾಟಕ ಬೇಡ.”

“ನಾಟಕ ಅಲ್ಲ ಅಕ್ಕಾ. ನನಗೆ ಇಪ್ಪತ್ತೆರಡು ವರ್ಷ ಆಗ. ಒಂದು ರಾಗ ಕಟ್ಟಿ ಪುಸ್ತಕದಲ್ಲಿ ಬರೆದು ಮೇಷ್ಟ್ರಿಗೆ ಕೊಟ್ಟಿದ್ದೆ, ಅದು ಮಾತ್ರ ಸತ್ಯ. ‘ನನ್ನ ಹತ್ತಿರ ಇರ್ಲಿ, ತಿದ್ದಿ ಕೊಡ್ತೀನಿ’ ಅಂದ್ರು. ಆಮೇಲೆ ಪುಸ್ತಕ ಎಲ್ಲೋ ಕಳೆದುಹೋಯ್ತು ಅಂದ್ರು. ಎರಡು ವರ್ಷ ಆದ್ಮೇಲೆ ಏಳು ಕಿಟಕಿ ನುಡಿಸಿದಾಗ ನಾನು ಬಾಲ್ಕನಿಯಲ್ಲಿ ಕೂತಿದ್ದೆ. ಮೂರನೇ ಭಾಗ ಶುರುವಾಯ್ತು, ಇದು ನಂದಲ್ವಾ ಅನ್ನಿಸ್ತು. ಆಮೇಲೆ, ಛೇ, ಕಲಿಸಿದವರೇ ಅವರು, ಅವರದೇ ನನಗೆ ಬಂದಿರುತ್ತೆ ಅಂದ್ಕೊಂಡೆ. ಯಾರ ಹತ್ತಿರ ಬಾಯಿ ಬಿಡ್ಲಿ? ಹೆಂಡತಿಗೂ ಹೇಳಿಲ್ಲ.”

“ಮತ್ತೆ ಈ ಪುಸ್ತಕ?”

“ಆರು ವಾರದ ಹಿಂದೆ ಅಂಚೆಯಲ್ಲಿ ಬಂತು. ಬಿಚ್ಚಿ ನೋಡಿದ್ರೆ ನನ್ನದೇ ಪುಸ್ತಕ, ನನ್ನದೇ ಕೈ. ಕಳೆದುಹೋದದ್ದು ಸಿಕ್ತು ಅಂತ್ಲೇ ನಂಬಿದೆ. ಅತ್ತುಬಿಟ್ಟೆ ಅಕ್ಕಾ. ಅದಕ್ಕೇ ನೀವೇ ಪರೀಕ್ಷೆ ಮಾಡಬೇಕು ಅಂದದ್ದು. ಕಳ್ಳ ಯಾರಾದ್ರೂ ನಿಮ್ಮನ್ನ ಕರೀತಾನಾ?”

ಅದು ಸರಿಯಾದ ಮಾತು. ಭೂತಗನ್ನಡಿಗೆ ಅದು ಮೊದಲೇ ಹೊಳೆಯಬೇಕಿತ್ತು, ಅಣ್ಣನ ಮೇಲಿನ ಪ್ರೀತಿಯಲ್ಲಿ ಹೊಳೆದಿರಲಿಲ್ಲ.

“ಕಳಿಸಿದವರು ಯಾರು?”

“ಹೆಸರಿಲ್ಲ. ಜೊತೆಗೆ ಒಂದು ಚೀಟಿ ಇತ್ತು.” ಅವನು ಜೇಬಿನಿಂದ ಮಡಿಸಿದ ಕಾಗದ ತೆಗೆದು ಮೇಜಿನ ಮೇಲೆ ಬಿಡಿಸಿದ.

ಗುಂಡಗೆ, ಬಿಡಿಬಿಡಿಯಾಗಿ, ಶಾಲೆಯ ಮಗು ಬರೆದ ಹಾಗೆ ಅಕ್ಷರಗಳನ್ನು ಕೂರಿಸಿದ್ದರು. ‘ಇದು ನಿನ್ನದು. ಅವರು ನಿವೃತ್ತರಾಗುವ ಮೊದಲು ಕೇಳಿ ತಗೋ. ಎಷ್ಟು ಹೆದರಿಸಿದರೂ ಬಿಡಬೇಡ.’

ಅಕ್ಷರವನ್ನು ಬದಲಾಯಿಸಿ ಬರೆಯಬಹುದು, ಎರಡು ಅಕ್ಷರದ ನಡುವಿನ ಜಾಗವನ್ನು ಬದಲಾಯಿಸಲು ಯಾರಿಂದಲೂ ಆಗದು ಎಂದು ಅವಳು ಪ್ರಯೋಗಾಲಯದಲ್ಲಿ ಕಿರಿಯರಿಗೆ ಕಲಿಸುತ್ತಿದ್ದಳು. ಇಲ್ಲಿ ಗಾಜೂ ಬೇಕಾಗಲಿಲ್ಲ. ದೀರ್ಘಕ್ಕೆ ಮುಂಚೆ ಕೈ ಒಂದಿಷ್ಟು ತಡೆದಿತ್ತು, ಸಾಲು ಕೊನೆಗೆ ಬರುತ್ತ ಮೇಲಕ್ಕೆ ಏರಿತ್ತು. ನಾಲ್ಕು ವರ್ಷದವಳಿದ್ದಾಗ ಸ್ಲೇಟಿನ ಮೇಲೆ ಅವಳ ಬೆರಳು ಹಿಡಿದು ಅ, ಆ ತಿದ್ದಿಸಿದ್ದ ಕೈ ಅದು.

ಅಣ್ಣನ ಕೈ.

ಒಂದಾದ ಮೇಲೊಂದು ತಾವಾಗಿಯೇ ಜೋಡಿಸಿಕೊಂಡವು. ಅಂಗಡಿಯ ಹಳೆಯ ಖಾಲಿ ಪುಸ್ತಕ ಅಣ್ಣನ ಕಪಾಟಿನಲ್ಲಲ್ಲದೆ ಇನ್ನೆಲ್ಲಿ ಉಳಿದಿರಬೇಕು? ಇಪ್ಪತ್ತೆರಡರ ಹುಡುಗ ಸ್ವರದ ಬಾಲವನ್ನು ಹೇಗೆ ಬರೆಯುತ್ತಿದ್ದ ಎಂದು, ಐದು ವರ್ಷ ಅವನ ಪುಟ ತಿದ್ದಿದವನಿಗಲ್ಲದೆ ಯಾರಿಗೆ ಗೊತ್ತು? ಕಳೆದುಹೋದದ್ದನ್ನು ನೆನಪಿನಿಂದ ಮತ್ತೆ ಬರೆಯುತ್ತ ಆ ಸಾಲಿನ ಕೊನೆಗೆ ಬಂದಾಗ, ಇಪ್ಪತ್ನಾಲ್ಕು ವರ್ಷದ ಅಭ್ಯಾಸದಿಂದ ಅವನ ಕೈ ನೊಣವನ್ನೂ ಬರೆದುಬಿಟ್ಟಿತ್ತು. ಸುಳ್ಳು ಪುಸ್ತಕ, ನಿಜವಾದ ರಾಗ. ಹುಡುಗನ ರಾಗವನ್ನು ತನ್ನದೆಂದು ಹೇಳಿ ಇಷ್ಟು ವರ್ಷ ಹೊತ್ತ ಭಾರವನ್ನು ಇಳಿಸಲು ಬೇರೆ ದಾರಿ ಕಾಣದೆ, ತನ್ನ ಮೇಲೆ ತಾನೇ ದೂರು ಕೊಡಿಸಿಕೊಂಡಿದ್ದ.

ಅವಳಿಗೆ ಅಣ್ಣನ ಮೇಲೆ ಕೆಂಡದಂಥ ಸಿಟ್ಟು ಬಂತು. ಅದರ ಹಿಂದೆಯೇ ಅಳುವೂ ಬಂತು.

“ಯಾರ ಕೈ ಅಕ್ಕಾ ಇದು?” ಗಡ್ಡದವನು ಅವಳ ಮುಖವನ್ನೇ ನೋಡುತ್ತಿದ್ದ. “ನಿಮಗೆ ಗೊತ್ತಾಯ್ತು. ಗೊತ್ತಾಯ್ತು ಅಲ್ವಾ?”

ಮೂವತ್ತು ವರ್ಷ ಅವಳು ನ್ಯಾಯಾಲಯದಲ್ಲಿ ಕಲ್ಲಿನ ಹಾಗೆ ಇಟ್ಟುಕೊಂಡಿದ್ದ ಮುಖ ಇವತ್ತು ಕೈಕೊಟ್ಟಿತು. ಅವನು ಚೀಟಿಯನ್ನು ನೋಡಿದ, ಅವಳನ್ನು ನೋಡಿದ. “ಮೇಷ್ಟ್ರು,” ಎಂದ ತನ್ನಷ್ಟಕ್ಕೆ.

“ಆ ಚೀಟಿ ಕೊಡು,” ಎಂದಳು.

“ಇಲ್ಲ ಅಕ್ಕಾ.” ಅವನು ಅದನ್ನು ನಿಧಾನವಾಗಿ ಮಡಿಸಿ ಮತ್ತೆ ಜೇಬಿಗೆ ಹಾಕಿಕೊಂಡ.

ಬಾಗಿಲಲ್ಲಿ ಕಚೇರಿಯ ಸಹಾಯಕಿ ಇಣುಕಿದಳು. “ನಾಲ್ಕಾಯ್ತು. ಎಲ್ಲರೂ ಬಂದಿದ್ದಾರೆ, ಬರಬೇಕಂತೆ.”

ಸಮಿತಿಯ ಕೋಣೆಯಲ್ಲಿ ಉದ್ದನೆಯ ಮೇಜು. ಆ ತುದಿಗೆ ಪ್ರಾಂಶುಪಾಲೆ, ಅಕ್ಕಪಕ್ಕ ಇಬ್ಬರು ಸದಸ್ಯರು. ಕಿಟಕಿಯ ಬದಿಗೆ ಅಣ್ಣ ಕುಳಿತಿದ್ದ. ಒಳಗೆ ಬಂದ ತಂಗಿಯನ್ನು ಕಂಡು ಮುಗುಳ್ನಕ್ಕು, ತನ್ನ ಪಕ್ಕದ ಕುರ್ಚಿಯ ಮೇಲಿದ್ದ ಚೀಲವನ್ನು ಕೆಳಗಿಟ್ಟ. ಗಡ್ಡದ ಶಿಷ್ಯ ಎದುರಿನ ಕುರ್ಚಿಯಲ್ಲಿ ಕುಳಿತ. ಅವಳು ಕೂರಲಿಲ್ಲ. ಮೇಜಿನ ಕೊನೆಯಲ್ಲಿ ನಿಂತೇ ಇದ್ದಳು.

“ನೀವು ನಿಮ್ಮ ವರದಿ ಹೇಳಿ,” ಎಂದರು ಪ್ರಾಂಶುಪಾಲೆ. “ಈ ಪುಸ್ತಕ ನಿಜವಾದದ್ದಾ?”

ಭೂತಗನ್ನಡಿ ತಾತನ ಹಾಳೆಯನ್ನು ಹೊರತೆಗೆದಳು. ತೋರಿಸಿದರೆ ತಪ್ಪಿಲ್ಲದ ಶಿಷ್ಯ ಮೋಸಗಾರನಾಗುತ್ತಾನೆ. ಅವನನ್ನು ಉಳಿಸಲು ಚೀಟಿಯ ಮಾತೆತ್ತಿದರೆ ಅಣ್ಣ ಮಣ್ಣು ಮುಕ್ಕುತ್ತಾನೆ. ಸುಮ್ಮನಿದ್ದರೆ ಜೀವನದಲ್ಲಿ ಮೊದಲ ಸಲ ಸುಳ್ಳು ವರದಿ ಕೊಟ್ಟ ಹಾಗಾಗುತ್ತದೆ.

“ಪುಸ್ತಕ ನಿಜವಾದದ್ದಲ್ಲ,” ಎಂದಳು. “ಇಪ್ಪತ್ತಾರು ವರ್ಷದ ಹಿಂದೆ ಬರೆದದ್ದಲ್ಲ. ಈಚೆಗೆ ಬರೆದದ್ದು.”

ಸದಸ್ಯರು ಮುಖ ಮುಖ ನೋಡಿಕೊಂಡರು. ಅಣ್ಣ ಎರಡೂ ಕೈಯನ್ನು ಮೇಜಿನ ಮೇಲಿಟ್ಟು ಏಳಲು ಹೊರಟ. “ಒಂದು ನಿಮಿಷ, ಅದನ್ನ ನಾನು ಹೇಳ್ತೀನಿ. ಆ ಪುಸ್ತಕ...”

“ನಾನು ಬರೆದೆ!”

ಎದ್ದು ನಿಂತವನು ಗಡ್ಡದ ಶಿಷ್ಯ. ಕುರ್ಚಿ ಹಿಂದಕ್ಕೆ ಬಿದ್ದ ಸದ್ದಿಗೆ ಎಲ್ಲರೂ ಅವನ ಕಡೆ ತಿರುಗಿದರು.

“ನಾನೇ ಬರೆದದ್ದು. ಎರಡು ತಿಂಗಳ ಹಿಂದೆ. ಹಳೇ ಪುಸ್ತಕ ಸಂಪಾದಿಸಿ, ಏಳು ಕಿಟಕಿಯನ್ನ ಮುಂದಿಟ್ಟುಕೊಂಡು ನೋಡಿ ನೋಡಿ ಬರೆದೆ. ಮೇಷ್ಟ್ರು ನನ್ನಿಂದ ಏನನ್ನೂ ತಗೊಂಡಿಲ್ಲ. ನನ್ನ ಕೆಲಸಕ್ಕೆ ಈಗ್ಲೇ ರಾಜೀನಾಮೆ ಬರೆದುಕೊಡ್ತೀನಿ. ಇದನ್ನ ಇಲ್ಲಿಗೇ ಮುಗಿಸಿ.”

ಆರು ವಾರದಲ್ಲಿ ಮೊದಲ ಸಲ ಅಣ್ಣನ ಮುಖದಿಂದ ಆ ನೆಮ್ಮದಿ ಇಳಿದುಹೋಯಿತು. ಏಳಲು ಹೊರಟವನು ಮೇಜಿನ ಅಂಚು ಹಿಡಿದುಕೊಂಡು ಅರ್ಧದಲ್ಲೇ ನಿಂತ. ಶಿಷ್ಯ ಅವನ ಕಡೆ ನೋಡಲೇ ಇಲ್ಲ. ಅಂಗಿಯ ಜೇಬಿನ ಮೇಲೆ ಅಂಗೈಯನ್ನು ಬಲವಾಗಿ ಒತ್ತಿಕೊಂಡು ನೇರ ಗೋಡೆಯನ್ನೇ ನೋಡುತ್ತ ನಿಂತಿದ್ದ.

ಪ್ರಾಂಶುಪಾಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಅಮ್ಮಾ, ಕೈಬರಹದ ವಿಷಯದಲ್ಲಿ ನಿಮ್ಮ ಮಾತೇ ಕೊನೇ ಮಾತು ಅಂತ ಇಬ್ಬರೂ ಬರೆದುಕೊಟ್ಟಿದ್ದಾರೆ. ಇವರೇ ಬರೆದದ್ದು ಅಂತ ನೀವು ಸಹಿ ಹಾಕ್ತೀರಾ?”

ಅವರು ಪೆನ್ನನ್ನು ಅವಳ ಕಡೆಗೆ ಚಾಚಿದರು. ಭೂತಗನ್ನಡಿ ಅದನ್ನು ತೆಗೆದುಕೊಂಡಳು.